ಮೂಸಣ್ಣನೂ ಮೂರು ಡಬ್ಬಿಗಳೂ

ಹಳೆಯ ಕಾರುಗಳನ್ನು ಹೊಸದರಂತೆ ಮಾಡಿಕೊಡುವ ಆ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಮೂಸಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೊಂದು ಹಾಜರಿ ಪುಸ್ತಕದಲ್ಲಿತ್ತು. ಅದನ್ನು ಯಾರಾದರೂ ಕೂಗಿದರೆ ಅವನೂ ತಿರುಗಿ ನೋಡುತ್ತಿರಲಿಲ್ಲ. ಕಾರಿನ ಯಾವ ಮೂಲೆಯಲ್ಲಿ ಏನೇ ಅಂಟಿರಲಿ, ಏನೇ ಚೆಲ್ಲಿ ಒಣಗಿರಲಿ, ಅದನ್ನು ಮೂಸಿ ನೋಡಿ ಇಂಥದ್ದೇ ಎಂದು ಹೇಳುವುದು ಅವನ ವಿದ್ಯೆ. ಆಮೇಲೆ ಬಣ್ಣಕ್ಕೆ ಪೆಟ್ಟಾಗದಂತೆ ಅದನ್ನು ಬಿಡಿಸುವುದು ಅವನ ಕೆಲಸ. ವಿದ್ಯೆ ನೋಡುವುದಕ್ಕೆ ಜನ ಸೇರುತ್ತಿದ್ದರು. ಕೆಲಸಕ್ಕೆ ಅವನೊಬ್ಬನೇ.

ಆ ವಿದ್ಯೆಗೆ ಒಂದು ಶಿಸ್ತಿತ್ತು. ಮೊದಲು ಒಂದು ಬಟ್ಟೆಯಿಂದ ಕಲೆಯನ್ನು ಉಜ್ಜುವುದು. ಬಟ್ಟೆಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆಯುವುದು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುವುದು. ಈ ಸುಮ್ಮನಿರುವುದೇ ಮುಖ್ಯ; ಕಾರಿನ ಮಾಲೀಕರು ಅಷ್ಟು ಹೊತ್ತೂ ಆಸ್ಪತ್ರೆಯ ವರಾಂಡದಲ್ಲಿ ನಿಂತವರಂತೆ ಮುಖ ಮಾಡಿಕೊಂಡಿರುತ್ತಿದ್ದರು. ಕೊನೆಗೆ ಅವನು ಕಣ್ಣು ಬಿಟ್ಟು, "ಚಪ್ಪಲಿ ಹೊಲಿಯೋರ ಗೋಂದು. ಮೂರು ವರ್ಷ ಆಗಿದೆ" ಎನ್ನುತ್ತಿದ್ದ. ಗೋಂದು ಎಂಬುದು ನಿಜವಿರುತ್ತಿತ್ತು. ಮೂರು ವರ್ಷ ಎಂಬುದು ಬಾಯಿಗೆ ಬಂದದ್ದು. ನಾಲ್ಕೆಂದರೆ ಜಾಸ್ತಿಯಾಯಿತು, ಎರಡೆಂದರೆ ಯಾರೂ ಬೆರಗಾಗುವುದಿಲ್ಲ ಎಂದು ಅನುಭವದಿಂದ ಕಂಡುಕೊಂಡಿದ್ದ.

ಅವನು ಈ ಕೆಲಸವನ್ನು ಆರಿಸಿಕೊಂಡವನಲ್ಲ, ಈ ಕೆಲಸಕ್ಕೆ ಬಂದು ಬಿದ್ದವನು. ಹತ್ತೊಂಬತ್ತು ವರ್ಷದ ಹಿಂದೆ ಶೆಡ್ಡಿಗೆ ಬಂದಾಗ ಅವನ ಆಸೆ ಇದ್ದದ್ದು ಬಣ್ಣ ಹೊಡೆಯುವುದರ ಮೇಲೆ. ಸ್ಪ್ರೇ ಗನ್ ಹಿಡಿದ ಮೊದಲ ದಿನವೇ ಒಂದು ಬಾಗಿಲಿನ ಮೇಲೆ ಬಣ್ಣವನ್ನು ಕಣ್ಣೀರಿನ ಹಾಗೆ ಇಳಿಸಿದ. ಎರಡನೆಯ ದಿನ ಬಾಗಿಲನ್ನು ಬಿಟ್ಟು ಗೋಡೆಗೆ ಹೊಡೆದ. ಮೂರನೆಯ ದಿನ ಶೆಡ್ಡಿನ ಯಜಮಾನಿ ಅವನ ಕೈಗೆ ಅಂಟು ಕೆರೆಯುವ ಒಂದು ಪ್ಲಾಸ್ಟಿಕ್ ಕೆರೆಕಡ್ಡಿ ಮತ್ತು ಹಳೆ ಬನಿಯನ್ನಿನ ತುಂಡುಗಳನ್ನು ಕೊಟ್ಟು, "ನೀನು ಹಾಕೋದು ಬೇಡಪ್ಪ, ತೆಗಿ" ಎಂದರು. ಅಂದಿನಿಂದ ತೆಗೆಯುತ್ತಲೇ ಇದ್ದಾನೆ. ಕಾರ್ಪೆಟ್ಟಿನ ಅಡಿಯಲ್ಲಿ ಟಾರಿನಂತೆ ಕಪ್ಪಾದ ಅಂಟು, ಗಾಜಿನ ಫಿಲಂ ಸುಲಿದ ಮೇಲೆ ಉಳಿಯುವ ಜಿಗುಟು, ಬ್ಯಾಟರಿಯ ಆಸಿಡ್ ಸೋರಿ ಕಟ್ಟಿದ ಬಿಳಿ ಪೊರೆ, ಬ್ರೇಕ್ ಆಯಿಲ್ ಚೆಲ್ಲಿ ಬೊಬ್ಬೆ ಎದ್ದ ಬಣ್ಣ, ಎಲ್ಲ ಅವನ ಪಾಲಿಗೆ. ಆಸಿಡ್ಡಿಗೆ ಸೋಡಾ ಪುಡಿ ಕಲಸಿದ ನೀರು. ಸ್ಟಿಕ್ಕರಿಗೆ ಮೊದಲು ಬಿಸಿ ಗಾಳಿ, ಆಮೇಲೆ ಎಣ್ಣೆ. ಹಟಮಾರಿ ಗೋಂದಿಗೆ ಮೊದಲು ಸೀಮೆಎಣ್ಣೆ, ಜಗ್ಗದಿದ್ದರೆ ಸ್ಪಿರಿಟ್, ಅದಕ್ಕೂ ಜಗ್ಗದಿದ್ದರೆ ಮಾತ್ರ ಥಿನ್ನರ್, ಅದೂ ಯಾರಿಗೂ ಕಾಣದ ಒಂದು ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿದ ಮೇಲೆ. ಸಪ್ಪೆಯಿಂದ ಶುರು ಮಾಡಿ ಖಾರಕ್ಕೆ ಹೋಗಬೇಕು ಎಂದು ಅವನು ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದ.

ಸೀಮೆಎಣ್ಣೆ, ಸ್ಪಿರಿಟ್, ಥಿನ್ನರ್ ಮೂರೂ ಒಂದೇ ಅಳತೆಯ ಮೂರು ತಗಡಿನ ಡಬ್ಬಿಗಳಲ್ಲಿದ್ದವು. ಹೊರಗಿನಿಂದ ನೋಡಿದರೆ ತ್ರಿವಳಿಗಳು. ಯಜಮಾನಿ ಎಷ್ಟೋ ಸಲ ಹೇಳಿದ್ದರು: "ಅದರ ಮೇಲೊಂದು ಚೀಟಿ ಅಂಟಿಸೋ, ಮಾರಾಯ."

"ಯಾಕಮ್ಮ? ಚೀಟಿ ಕೀಳೋದೇ ನನ್ನ ಕೆಲಸ. ನಾನೇ ಅಂಟಿಸ್ಲಾ?" ಎಂದು ಮೂಗನ್ನು ಬೆರಳಿನಿಂದ ತಟ್ಟಿಕೊಂಡು ತೋರಿಸುತ್ತಿದ್ದ. ಆ ಮಾತು ತನಗೇ ಎಷ್ಟು ಹಿಡಿಸಿತ್ತೆಂದರೆ, ಮನೆಗೆ ಹೋಗಿ ಹೆಂಡತಿಗೂ ಹೇಳಿದ್ದ. ಹೆಂಡತಿ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. "ಹೂಂ" ಎಂದಿದ್ದಳು, ಅಷ್ಟೆ.

ಹೀಗಿರುವಾಗ ಅವನಿಗೆ ಒಂದು ಜ್ವರ ಬಂತು. ಎಂಟು ದಿನ ಮಲಗಿ ಎದ್ದ. ಒಂಬತ್ತನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದಾಗ ಹೆಂಡತಿ ಸ್ನಾನದ ಮನೆಯಿಂದ ಒದ್ದೆ ಕೂದಲಲ್ಲೇ ಓಡಿಬಂದಳು. ಪಕ್ಕದಲ್ಲೇ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕರಿಬಣ್ಣಕ್ಕೆ ತಿರುಗಿತ್ತು.

"ರೀ, ಹಾಲು ಸೀದು ಬೀದಿಗೆಲ್ಲ ವಾಸನೆ ಹೊಡೀತಿದೆ. ಪಕ್ಕದಲ್ಲೇ ಕೂತಿದ್ದೀರಿ! ಮೂಗೇನು ಬಾಡಿಗೆಗೆ ಕೊಟ್ಟಿದ್ದೀರಾ?"

ಅವನು ಉಸಿರೆಳೆದು ನೋಡಿದ. ಏನೂ ಇಲ್ಲ. ಎದ್ದು ಪಾತ್ರೆಯ ಮೇಲೆ ಬಗ್ಗಿ ಎಳೆದ. ಬಿಸಿ ಗಾಳಿ ಬಂತು, ವಾಸನೆ ಬರಲಿಲ್ಲ. ಸೋಪು ಮೂಸಿದ, ಬೆಳ್ಳುಳ್ಳಿ ಮೂಸಿದ, ತನ್ನ ಕೆಲಸದ ಅಂಗಿಯನ್ನೇ ಮೂಸಿದ. ಹೆಂಡತಿ ಆ ಅಂಗಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ಬಾಗಿಲ ಹೊರಗೆ ನೇತುಹಾಕಿಸುತ್ತಿದ್ದಳು. ಅದು ಈಗ ಅವನಿಗೆ ಅಂಗಡಿಯಿಂದ ತಂದ ಹೊಸ ಅಂಗಿಯಂತೆ ನಿರಪರಾಧಿಯಾಗಿತ್ತು.

ಹೆಂಡತಿ ಅವತ್ತೇ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಜ್ವರದಿಂದ ಹೀಗಾಗುವುದುಂಟು, ತಿಂಗಳೋ ವರ್ಷವೋ ಹಿಡಿಯಬಹುದು, ಬಂದರೂ ಬರಬಹುದು ಎಂದರು. ಈ ಥಿನ್ನರ್ ಗಿನ್ನರ್ ಹತ್ತಿರ ಕೆಲಸ ಮಾಡುವಾಗ ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ, ಶೆಡ್ಡಿನ ಬಾಗಿಲು ತೆರೆದಿಡಿ, ಜೊತೆಯವರಿಗೆ ವಿಷಯ ಹೇಳಿಡಿ ಎಂದರು. ಅವನು ನಾಲ್ಕಕ್ಕೂ ತಲೆಯಾಡಿಸಿದ. ಗ್ಲೌಸನ್ನು ಮಾತ್ರ ಹೆಂಡತಿ ಆಸ್ಪತ್ರೆಯಿಂದ ಕೇಳಿ ತಂದು ಚೀಲಕ್ಕೆ ತುರುಕಿದ್ದರಿಂದ ಹಾಕಿಕೊಂಡ. ಉಳಿದ ಮೂರನ್ನೂ ಮಾಡಲಿಲ್ಲ.

ಹೇಳುವುದಾದರೂ ಹೇಗೆ? ಕುಂಟ ಓಟಗಾರ ಎಂದರೆ ಜನ ಅಯ್ಯೋ ಎನ್ನುತ್ತಾರೆ. ವಾಸನೆ ಬಾರದ ಮೂಸಣ್ಣ ಎಂದರೆ ನಗುತ್ತಾರೆ. ತಾನಾದರೂ ನಗುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಮೂರು ಡಬ್ಬಿಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಇಟ್ಟುಕೊಂಡ. ಎಡಕ್ಕೆ ಸೀಮೆಎಣ್ಣೆ, ನಡುವೆ ಸ್ಪಿರಿಟ್, ಬಲಕ್ಕೆ ಥಿನ್ನರ್. ಬಟ್ಟೆ ಮೂಸುವ ಶಾಸ್ತ್ರವನ್ನು ಮೊದಲಿನ ಹಾಗೆಯೇ ನಡೆಸಿದ. ಕಣ್ಣು ಮುಚ್ಚಿ, ಉಸಿರೆಳೆದು, ಸುಮ್ಮನಿದ್ದು, ಏನೋ ಒಂದು ಹೇಳುತ್ತಿದ್ದ.

ನಾಲ್ಕು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಮೊದಮೊದಲು ಇದು ಅವನಿಗೆ ಸಮಾಧಾನ ತಂದಿತು, ಬರಬರುತ್ತಾ ಅವಮಾನವೆನಿಸಿತು. ಮೂಗು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಎಷ್ಟು ಸರಿ ಹೇಳುತ್ತಿದ್ದನೋ, ಮೂಗು ಸತ್ತ ಮೇಲೂ ಬರೀ ಕಣ್ಣಂದಾಜಿನಲ್ಲಿ ಅಷ್ಟೇ ಸರಿ ಹೇಳುತ್ತಿದ್ದ. ಹಾಗಾದರೆ ಇಷ್ಟು ವರ್ಷ ಮೂಗು ಮಾಡುತ್ತಿದ್ದುದಾದರೂ ಏನು? ಮುಖದ ನಡುವೆ ಕೂತು ಶಭಾಷ್ ಎನಿಸಿಕೊಳ್ಳುವುದನ್ನು ಬಿಟ್ಟು?

ಐದನೆಯ ತಿಂಗಳಲ್ಲಿ ಡ್ರೈವಿಂಗ್ ಮೇಡಮ್ಮಿನ ಕಾರು ಬಂತು.

ಮೇಡಮ್ ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿ ಅದೇ ತಾನೇ ಮುಚ್ಚಿದವರು. ಸಣ್ಣ ಆಳು, ದೊಡ್ಡ ದನಿ. ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಸಿದವರು. ಮೂಸಣ್ಣನೂ ಒಂದು ಕಾಲದಲ್ಲಿ ಅವರ ಶಿಷ್ಯ. ಮೂರು ಸಲ ಪರೀಕ್ಷೆಗೆ ಹೋಗಿ ಮೂರು ಸಲವೂ ಫೇಲಾಗಿ, ಕೊನೆಗೆ ಬಸ್ಸೇ ಆರಾಮ ಎಂಬ ತೀರ್ಮಾನಕ್ಕೆ ಬಂದಿದ್ದ. ಮುನ್ನೂರು ಕಾರಿಗೆ ಕೈ ಹಾಕಿದವನು ಒಂದನ್ನೂ ಗೇಟಿನಾಚೆ ದಾಟಿಸಿದವನಲ್ಲ.

ಕಾರಿನ ನಾಲ್ಕು ಬಾಗಿಲಿಗೂ ಸ್ಕೂಲಿನ ಹೆಸರು, ಫೋನ್ ನಂಬರು, ಅದರ ಮೇಲೆ ಬದಲಾದ ಫೋನ್ ನಂಬರು, ಅದರ ಮೇಲೆ ಮತ್ತೊಂದು. ಸ್ಟಿಕ್ಕರಿನ ಮೇಲೆ ಸ್ಟಿಕ್ಕರ್ ಕೂತು ಈರುಳ್ಳಿಯ ಹಾಗಾಗಿತ್ತು. ಬಾನೆಟ್ಟಿಗೆ ಯಾವನೋ ಶಿಷ್ಯ ಲೈಟ್ ಕಂಬವನ್ನು ಪರಿಚಯಿಸಿದ್ದ.

"ಇಷ್ಟು ವರ್ಷ ಪಕ್ಕದ ಸೀಟಲ್ಲಿ ಕೂತು ಬೇರೆಯವರು ಓಡಿಸೋದನ್ನ ನೋಡಿದ್ದಾಯ್ತು" ಎಂದರು ಮೇಡಮ್. "ಈಗ ನನ್ನ ಕಾರನ್ನ ನಾನೇ ಓಡಿಸ್ಬೇಕು. ನಾನು, ನನ್ನ ಅಕ್ಕ, ಇಬ್ಬರೇ. ಸಮುದ್ರದವರೆಗೂ ಹೋಗಿ ಬರ್ತೀವಿ. ಯಾರಿಗೂ ಏನೂ ಕಲಿಸಲ್ಲ. ಈ ಅಕ್ಷರ ಒಂದೂ ಉಳೀಬಾರದು, ಅದರ ನೆರಳೂ ಉಳೀಬಾರದು."

ಆಮೇಲೆ ಹಿಂದಿನ ಡಿಕ್ಕಿ ತೆರೆದು ತೋರಿಸಿದರು. ನೆಲದ ಅರ್ಧ ಭಾಗದಲ್ಲಿ ಕಂದುಬಣ್ಣದ ಏನೋ ಚೆಲ್ಲಿ, ಕಲ್ಲಿನಂತೆ ಗಟ್ಟಿಯಾಗಿ, ಮ್ಯಾಟನ್ನು ತಗಡಿಗೆ ಕಚ್ಚಿ ಹಿಡಿಸಿತ್ತು. "ಇದು ಯಾವಾಗ ಚೆಲ್ಲಿತೋ, ಏನು ಚೆಲ್ಲಿತೋ, ನನಗಂತೂ ನೆನಪಿಲ್ಲಪ್ಪ. ನೀನೇ ಹೇಳು."

ಎಲ್ಲರೂ ಬಂದು ನಿಂತರು. ಯಜಮಾನಿ, ಪೇಂಟರ್, ಎದುರು ಅಂಗಡಿಯ ಟಯರಿನವನು. ಮೂಸಣ್ಣ ಬಗ್ಗಿದ. ಬಟ್ಟೆ ಉಜ್ಜಿದ. ಕಣ್ಣು ಮುಚ್ಚಿದ. ಏನೂ ಬರಲಿಲ್ಲ, ಬರುವುದಿಲ್ಲ ಎಂದು ಗೊತ್ತೇ ಇತ್ತು. "ಸೋಫಾ ಮಾಡೋರು ಸ್ಪಂಜಿಗೆ ಹಚ್ತಾರಲ್ಲ, ಆ ಗೋಂದು" ಎಂದ. ಒಂದು ಕ್ಷಣ ಬಿಟ್ಟು, "ಮೂರು ವರ್ಷದ್ದು" ಎಂದೂ ಸೇರಿಸಿದ.

"ಸೋಫಾದವರು ನನ್ನ ಕಾರಲ್ಲಿ ಯಾಕೆ ಬಂದ್ರು?" ಎಂದು ಮೇಡಮ್ ಆಶ್ಚರ್ಯಪಟ್ಟರು. ಆದರೂ ಮೂಸಣ್ಣ ಹೇಳಿದ ಮೇಲೆ ಬಂದೇ ಇರಬೇಕು ಎಂದು ಒಪ್ಪಿಕೊಂಡರು.

ಬಾಗಿಲುಗಳ ಕೆಲಸ ಮೂರು ದಿನದಲ್ಲಿ ಸೊಗಸಾಗಿ ಮುಗಿಯಿತು. ಅಲ್ಲಿ ಮೂಗು ಬೇಕಿರಲಿಲ್ಲ, ತಾಳ್ಮೆ ಬೇಕಿತ್ತು. ಬಿಸಿ ಗಾಳಿ ಬಿಟ್ಟು, ಒಂದೊಂದೇ ಪದರವನ್ನು ಉಗುರಿನಿಂದ ಎಬ್ಬಿಸಿ, ಉಳಿದ ಅಂಟನ್ನು ಎಣ್ಣೆಯಲ್ಲಿ ನೆನೆಸಿ, ಒರೆಸಿ, ಅಕ್ಷರಗಳ ನೆರಳು ಹೋಗುವ ತನಕ ಪಾಲಿಶ್ ಉಜ್ಜಿದ. ಆದರೆ ಡಿಕ್ಕಿಯ ಕಲ್ಲು ಅಲ್ಲಾಡಲಿಲ್ಲ. ಗೋಂದು ಎಂದು ಎಲ್ಲರ ಮುಂದೆ ಹೇಳಿಯಾಗಿತ್ತಲ್ಲ, ಆದ್ದರಿಂದ ಸಪ್ಪೆಯಿಂದ ಶುರು ಮಾಡುವ ತನ್ನದೇ ಉಪದೇಶವನ್ನು ಪಕ್ಕಕ್ಕಿಟ್ಟು ನೇರ ಸ್ಪಿರಿಟ್ಟಿಗೆ ಹೋದ. ಜಗ್ಗಲಿಲ್ಲ. ಥಿನ್ನರ್ ಸುರಿದ. ಜಗ್ಗಲಿಲ್ಲ. ಪೆಟ್ರೋಲ್ ಬಳಿದ. ಕಲೆ ಇನ್ನಷ್ಟು ಹೊಳೆಯಿತು, ತಾನು ತೆಗೆಯುವುದರ ಬದಲು ಅದಕ್ಕೆ ಸ್ನಾನ ಮಾಡಿಸುತ್ತಿದ್ದೇನೆಯೋ ಎಂಬಂತೆ. ಕೆರೆಕಡ್ಡಿ ಮುರಿಯಿತು. ಒಂದು ಚೂರು ಮಾತ್ರ ಎದ್ದು ಬಂತು. ಅದನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಈ ಗಡಿಬಿಡಿಯಲ್ಲಿ ಮೂರು ಡಬ್ಬಿಗಳನ್ನು ಡಿಕ್ಕಿಯ ಹತ್ತಿರ ಒಯ್ದು, ಮ್ಯಾಟ್ ಎಳೆಯಲು ಜಾಗ ಬೇಕೆಂದು ಅತ್ತಿತ್ತ ಸರಿಸಿ, ಮತ್ತೆ ತಂದು ಬೆಂಚಿನ ಮೇಲೆ ಸಾಲಾಗಿ ಇಟ್ಟ. ಸಾಲು ನೇರವಾಗಿತ್ತು. ಕ್ರಮ ಮಾತ್ರ ತಿರುಗಿತ್ತು.

ಮಾರನೆಯ ದಿನ ಮಧ್ಯಾಹ್ನ ಪೇಂಟರ್ ಕರೆದ. ಪೇಂಟರ್ ಅವನ ಜೊತೆಯವನೇ, ಅವನಿಗಿಂತ ನಾಲ್ಕು ವರ್ಷ ದೊಡ್ಡವನು. ಕೈ ಅಪ್ಪಟ ಚಿನ್ನ, ಕೋಪ ಮೂಗಿನ ತುದಿಯಲ್ಲಿ. ಬಾನೆಟ್ಟನ್ನು ತಟ್ಟಿ ಸರಿಮಾಡಿಸಿ ಮೂರು ದಿನದ ಹಿಂದೆ ಬಣ್ಣ ಹೊಡೆದಿದ್ದ. ಕನ್ನಡಿಯ ಹಾಗೆ ಬಂದಿತ್ತು. ಅಂಚಿಗೆ ಹಚ್ಚಿದ್ದ ಟೇಪನ್ನು ಬಿಚ್ಚುವಾಗ ಸ್ವಲ್ಪ ಅಂಟು ಉಳಿದಿತ್ತು. "ಸೀಮೆಎಣ್ಣೆ ತಗೊಂಡು ಹೂವು ಒರೆಸ್ದಂಗೆ ಒರೆಸು. ಇನ್ನೂ ಹಸಿ ಇದೆ ಬಣ್ಣ" ಎಂದು ಹೇಳಿ ಊಟಕ್ಕೆ ಹೋದ.

ಮೂಸಣ್ಣ ಗ್ಲೌಸ್ ಹಾಕಿಕೊಂಡ. ಎಡಗಡೆಯ ಡಬ್ಬಿಯಿಂದ ಬಟ್ಟೆ ಅದ್ದಿಕೊಂಡ. ಬರಿಗೈಯಾಗಿದ್ದರೆ ಥಿನ್ನರಿನ ತಣ್ಣನೆಯ ಕಚಗುಳಿ ಗೊತ್ತಾಗುತ್ತಿತ್ತೋ ಏನೋ. ಮೂಗಿದ್ದವರಿಗಂತೂ ಮುಚ್ಚಳ ತೆಗೆದಾಗಲೇ ಗೊತ್ತಾಗುತ್ತಿತ್ತು. ಅವನು ಹೂವು ಒರೆಸಿದಂತೆ ಒರೆಸಿದ. ಬಟ್ಟೆ ತಡೆಯಿತು. ಅಂಟು ಹಟ ಹಿಡಿದಿದೆ ಎಂದುಕೊಂಡು ಸ್ವಲ್ಪ ಒತ್ತಿದ. ಬಟ್ಟೆ ಎತ್ತಿ ನೋಡಿದರೆ ಬಟ್ಟೆಯೆಲ್ಲ ಬಾನೆಟ್ಟಿನ ಬಣ್ಣ, ಬಾನೆಟ್ಟಿನ ಮೇಲೆ ಕಾಸಿದ ಹಾಲಿನ ಕೆನೆಯಂತೆ ಸುಕ್ಕು. ಅಲ್ಲಿಗೆ ನಿಲ್ಲಿಸಬಹುದಿತ್ತು. ಗಾಬರಿಯಲ್ಲಿ ಸುಕ್ಕನ್ನು ಸರಿಮಾಡಲು ಹೋಗಿ ಅಂಗೈ ಅಗಲವಿದ್ದುದನ್ನು ತಟ್ಟೆಯಗಲ ಮಾಡಿದ. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ, ಬಟ್ಟೆಯನ್ನು ಕಸದ ಡ್ರಮ್ಮಿಗೆ ತುರುಕಿ, ಏನೂ ಮಾಡದವನ ಹಾಗೆ ಹೋಗಿ ಒಂದು ಬಾಗಿಲಿಗೆ ಪಾಲಿಶ್ ಹಚ್ಚತೊಡಗಿದ. ಆ ಬಾಗಿಲಿಗೆ ಆಗಲೇ ಎರಡು ಸಲ ಹಚ್ಚಿಯಾಗಿತ್ತು.

ಪೇಂಟರ್ ಬಂದ. ಬಾನೆಟ್ಟಿನ ಮುಂದೆ ನಿಂತ. ಈಗ ಕೂಗುತ್ತಾನೆ, ಈಗ ಕೂಗುತ್ತಾನೆ ಎಂದು ಮೂಸಣ್ಣ ಕತ್ತನ್ನು ಭುಜದೊಳಗೆ ಎಳೆದುಕೊಂಡು ಕಾದ. ಪೇಂಟರ್ ಕೂಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಆ ಕನ್ನಡಕ ಹೊಸದು, ಎರಡು ತಿಂಗಳ ಹಿಂದಷ್ಟೇ ಬಂದಿತ್ತು.

"ಸೀಮೆಎಣ್ಣೆಗೇ ಎದ್ದು ಬಂತಾ?" ಎಂದು ಕೇಳಿದ.

ಮೂಸಣ್ಣ ಪಾಲಿಶ್ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಹೂಂ" ಎಂದ. ಆ ಹೂಂ ಬಾಯಿಂದ ಬಿದ್ದ ಮೇಲೆ ವಾಪಸ್ ತೆಗೆದುಕೊಳ್ಳುವ ದಾರಿ ಕಾಣಲಿಲ್ಲ.

"ಹಾಗಾದ್ರೆ ಬಣ್ಣ ಗಟ್ಟಿಯಾಗೋಕೆ ಕಲಸೋ ಮದ್ದು ಕಮ್ಮಿ ಬಿದ್ದಿದೆ. ಅಳತೆ ಕಪ್ಪಿನ ಗೆರೆ ಸರಿಯಾಗಿ ಕಂಡಿಲ್ಲ ನನಗೆ" ಎಂದ ಪೇಂಟರ್, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಆಮೇಲೆ ಯಜಮಾನಿಯ ಹತ್ತಿರ ಹೋದ. ತೆರೆದ ಬಾಗಿಲಿನಿಂದ ಮಾತು ಕೇಳಿಸಿತು. "ಕಣ್ಣು ಹೋಯ್ತು ಅನ್ಸುತ್ತಮ್ಮ. ಈ ಬಾನೆಟ್ ಸರಿಮಾಡಿ ಕೊಡ್ತೀನಿ. ಆಮೇಲೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಹತ್ತೊಂಬತ್ತು ವರ್ಷದಲ್ಲಿ ಪೇಂಟರ್ ಒಮ್ಮೆಯೂ ತನ್ನದು ತಪ್ಪು ಎಂದದ್ದಿಲ್ಲ. ಮಳೆ ಬಂದರೆ ಮಳೆಯನ್ನು ಬಯ್ಯುತ್ತಿದ್ದ, ನೊಣ ಕೂತರೆ ನೊಣದ ವಂಶವನ್ನು ಬಯ್ಯುತ್ತಿದ್ದ. ಬಯ್ಯದ ಪೇಂಟರನ್ನು ಮೂಸಣ್ಣ ನೋಡಿದ್ದು ಇದೇ ಮೊದಲು. ಸಂಜೆ ಬಸ್ಸಿನಲ್ಲಿ ತನ್ನ ಸ್ಟಾಪು ಬಿಟ್ಟು ಎರಡು ಸ್ಟಾಪು ಮುಂದೆ ಇಳಿದ.

ಮನೆಯಲ್ಲಿ ತಟ್ಟೆಯ ಮುಂದೆ ಕೂತು ತುತ್ತು ಎತ್ತದೆ ಇದ್ದಾಗ ಹೆಂಡತಿ ಕೇಳಿದಳು. ಅವನು ಎಲ್ಲ ಹೇಳಿದ. ಹೇಳುವಾಗ ಅಲ್ಲಲ್ಲಿ ತನ್ನ ಕಡೆ ಸ್ವಲ್ಪ ವಾಲಿಸಿಯೇ ಹೇಳಿದ. ಡಬ್ಬಿಗಳೆಲ್ಲ ಒಂದೇ ಥರ ಇದ್ದವು, ಬೆಳಕು ಕಮ್ಮಿ ಇತ್ತು, ಪೇಂಟರ್ ಅವಸರ ಮಾಡಿದ.

ಹೆಂಡತಿ ಪೂರ್ತಿ ಕೇಳಿದಳು. "ಅವರಿಗೆ ಕಣ್ಣು ಸರಿ ಇದೆ. ನಿಮಗೆ ಮೂಗು ಸರಿ ಇಲ್ಲ. ಕೆಲಸ ಬಿಡ್ತಿರೋದು ಅವರು. ಇದೆಂಥ ನ್ಯಾಯ ರೀ?"

"ನಗ್ತಾರೆ ಕಣೇ ಎಲ್ಲ."

"ನಗ್ಲಿ ಬಿಡಿ. ಐದು ತಿಂಗಳಿಂದ ನಾನೊಬ್ಬಳೇ ನಗ್ತಾ ಇದ್ದೀನಿ, ಜೊತೆ ಆದ್ರೂ ಆಗುತ್ತೆ."

ಬೆಳಿಗ್ಗೆ ಅವನು ಶೆಡ್ಡಿಗೆ ಹೋಗುವಷ್ಟರಲ್ಲಿ ಪೇಂಟರ್ ತನ್ನ ಸ್ಪ್ರೇ ಗನ್ನನ್ನು ಬಿಚ್ಚಿ, ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಸುತ್ತುತ್ತಿದ್ದ. ಯಜಮಾನಿ ಏನೋ ಸಮಾಧಾನ ಹೇಳುತ್ತಿದ್ದರು. ಮೂಸಣ್ಣ ದಾರಿಯುದ್ದಕ್ಕೂ ಒಂದು ಗಂಭೀರ ಭಾಷಣ ಸಿದ್ಧಮಾಡಿಕೊಂಡು ಬಂದಿದ್ದ. ಬಾಯಿ ತೆರೆದರೆ ಬಂದದ್ದು ಇಷ್ಟೇ: "ಅದು ಸೀಮೆಎಣ್ಣೆ ಅಲ್ಲ. ಥಿನ್ನರ್. ನನಗೆ ವಾಸನೆ ಬರಲ್ಲ."

"ಏನು ಬರಲ್ಲ?"

"ವಾಸನೆ. ಐದು ತಿಂಗಳಾಯ್ತು. ಜ್ವರ ಬಂದಾಗ ಹೋಯ್ತು."

ಪೇಂಟರ್ ನಂಬಲಿಲ್ಲ. ತಾನು ಕೆಲಸ ಬಿಡದಿರಲಿ ಎಂದು ಇವನು ಕತೆ ಕಟ್ಟುತ್ತಿದ್ದಾನೆ ಎಂದು ಅವನ ಅನುಮಾನ. ಬೆಂಚಿನಿಂದ ಒಂದು ಡಬ್ಬಿ ತಂದು ಮುಚ್ಚಳ ತೆಗೆದು, "ಕಣ್ಣು ಮುಚ್ಚು. ಇದೇನು?" ಎಂದ.

"ಗೊತ್ತಿಲ್ಲ."

ಇನ್ನೊಂದು ತಂದ. "ಇದು?"

"ಗೊತ್ತಿಲ್ಲ ಮಾರಾಯ."

ಸ್ವಲ್ಪ ಹೊತ್ತು ಏನೋ ಸರಪರ ಸದ್ದಾಯಿತು. ಮೂಗಿನ ಮುಂದೆ ಏನೋ ಬಂತು. ಮೂಸಣ್ಣ ಅರ್ಧ ಕಣ್ಣು ಬಿಟ್ಟು ಓರೆಯಲ್ಲಿ ನೋಡಿದ. ಯಜಮಾನಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಏನೋ ಭಯಂಕರವಾದದ್ದೇ ಇರಬೇಕು. ಹಳೆಯ ಚಟ ಬಿಡಲಿಲ್ಲ. "ಬ್ರೇಕ್ ಆಯಿಲ್" ಎಂದ. "ಮೂರು ವರ್ಷದ್ದು."

"ನನ್ನ ಶೂ!" ಎಂದು ಪೇಂಟರ್ ಕಿರುಚಿದ. "ನನ್ನ ಶೂ ಕಣೋ, ಕತ್ತೆ!"

ಯಜಮಾನಿಗೆ ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕರು. ಪೇಂಟರ್ ನಗಲಿಲ್ಲ. ಒಂದು ಕಾಲಿಗೆ ಶೂ ಇಲ್ಲದೆ ನಿಂತು, ಮೊದಲ ಸಲ ನಿಜವಾಗಿ ಬಯ್ದ. ಮಳೆ, ನೊಣ ಎಲ್ಲದರ ಬಾಕಿಯನ್ನೂ ಸೇರಿಸಿ ಬಯ್ದ. ನಿನ್ನೆ ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ಒಂದೊಂದೇ ಕಣ್ಣು ಮುಚ್ಚಿ ಓದುತ್ತಾ ಕೂತಿದ್ದೆ ಎಂದ. ಮಗಳಿಗೆ ಫೋನು ಮಾಡಿ ಅಪ್ಪನ ಕೆಲಸ ಮುಗಿಯಿತು ಎಂದು ಹೇಳಿದ್ದೆ ಎಂದ. ಅಷ್ಟು ಹೇಳುವಾಗ ದನಿ ಒಡೆಯಿತು, ಅದಕ್ಕೂ ಸೇರಿಸಿ ಇನ್ನೊಂದು ಬೈಗುಳ ಬಯ್ದು, ಗನ್ನಿನ ಸುತ್ತ ಕಟ್ಟಿದ್ದ ಬಟ್ಟೆ ಬಿಚ್ಚಿ, ಬಾನೆಟ್ ಉಜ್ಜಲು ಹೋದ. ಮೂಸಣ್ಣ ತಾನೂ ಉಜ್ಜುತ್ತೇನೆ ಎಂದು ಹತ್ತಿರ ಹೋದರೆ, ಪೇಂಟರ್ ಎದ್ದು ಆಚೆ ಬದಿಗೆ ಹೋಗಿ ಕೂತ. ಮಾತು ನಿಂತಿತು.

ಯಜಮಾನಿ ಮಾತ್ರ ಬೇಗ ನಗು ನಿಲ್ಲಿಸಿದರು. ಅನಿಲ ಸೋರಿದ್ದರೆ, ಬೆಂಕಿ ಹತ್ತಿದ್ದರೆ ಏನು ಗತಿ, ಹೇಳಬಾರದಿತ್ತೇ ಎಂದು ಕೇಳಿದರು. ಅವತ್ತೇ ಡಬ್ಬಿಗಳಿಗೆ ಮೂರು ಬಣ್ಣ ಬಳಿಸಿದರು. ಹಿಂದಿನ ಗೋಡೆಯ ಮುಚ್ಚಿದ್ದ ಕಿಟಕಿ ತೆರೆಸಿದರು. ಹೊರಗಿನ ಗಾಳಿ ಒಳಗೆ ಬಂದಾಗ ಎಲ್ಲರೂ ಉಸಿರೆಳೆದು "ಆಹಾ" ಎಂದರು. ಮೂಸಣ್ಣನೂ ಎಂದ, ಸುಮ್ಮನೆ.

ಮೇಡಮ್ಮಿಗೆ ಕಾರು ತಡವಾಗುತ್ತದೆ ಎಂದು ತಾನೇ ಹೇಳಬೇಕು ಎಂದು ಹಟ ಮಾಡಿ ಅವನೇ ಫೋನು ಮಾಡಿದ. ಕಾರಣವನ್ನೂ ಹೇಳಿದ. ಸೋಫಾದ ಗೋಂದು ಎಂದದ್ದು ಊಹೆ ಎಂದೂ ಹೇಳಿದ.

"ನನಗೆ ಆಶ್ಚರ್ಯ ಇಲ್ಲಪ್ಪ" ಎಂದರು ಮೇಡಮ್. "ರಿವರ್ಸ್ ತಗೊಳ್ಳುವಾಗ ಕನ್ನಡಿ ನೋಡ್ದೆ, ಹಿಂದೆ ಏನೂ ಇಲ್ಲ ಮೇಡಮ್ ಅಂತಿದ್ದೆ ನೀನು. ಅಷ್ಟು ಧೈರ್ಯವಾಗಿ ಹೇಳ್ತಿದ್ದೆ, ನಾನೂ ಒಂದೆರಡು ಸಲ ನಂಬಿ ಗೇಟಿಗೆ ಗುದ್ದಿಸ್ಕೊಂಡಿದ್ದೀನಿ."

ಡಿಕ್ಕಿಯ ಕಲ್ಲು ಹಾಗೇ ಇತ್ತು. ಅದನ್ನು ಬಗೆಹರಿಸಿದ್ದು ಅವನಲ್ಲ. ರಜೆಯ ದಿನ ಹೆಂಡತಿ ಬಾಗಿಲ ಹೊರಗಿನ ಅಂಗಿಯನ್ನು ತೊಳೆಯಲು ಬಿಸಿನೀರಿನ ಬಕೆಟ್ಟಿಗೆ ಹಾಕಿದಳು. ಸ್ವಲ್ಪ ಹೊತ್ತಿನಲ್ಲೇ ಜೇಬಿನ ಸುತ್ತ ನೀರು ಕೆಂಪು ಕಂದಾಯಿತು.

"ರೀ, ಜೇಬಲ್ಲಿ ಏನಿಟ್ಟಿದ್ರಿ?"

"ಡಿಕ್ಕಿದು. ಗೋಂದಿನ ಚೂರು. ಹುಷಾರು, ಕೈಗೆ ಅಂಟ್ಕೊಂಡ್ರೆ ಬಿಡಲ್ಲ."

"ಬಿಡಲ್ವಾ? ಕರಗೇ ಹೋಯ್ತಲ್ಲ!" ಅವಳು ಜೇಬಿನೊಳಗೆ ಬೆರಳು ಹಾಕಿ, ತೆಗೆದು, ಬೆರಳುಗಳನ್ನು ಒಂದಕ್ಕೊಂದು ಒತ್ತಿ ನೋಡಿ, ಆಮೇಲೆ ಮೂಗಿನ ಹತ್ತಿರ ಹಿಡಿದಳು. ಕಣ್ಣು ಮುಚ್ಚಲಿಲ್ಲ, ಸುಮ್ಮನಿರಲೂ ಇಲ್ಲ. "ಇದು ಕೆಮ್ಮಿನ ಔಷಧಿ ಕಣ್ರೀ. ಮಕ್ಕಳ ವಾರ್ಡಿನ ಬೆಡ್‌ಶೀಟಲ್ಲಿ ದಿನಾ ಇದೇ. ಬರೀ ಸಕ್ಕರೆ ಪಾಕ. ಇದಕ್ಕೆ ಥಿನ್ನರ್ ಹಾಕಿದ್ರಾ?"

"ಪೆಟ್ರೋಲೂ ಹಾಕ್ದೆ."

"ನೀರು?"

ಅವನು ಬಗ್ಗಿ ಬಕೆಟ್ಟಿನೊಳಗೆ ನೋಡಿದ. ಇಪ್ಪತ್ತೆರಡು ವರ್ಷದಿಂದ ರಕ್ತ, ಅಯೋಡಿನ್, ಮುಲಾಮು, ಶಾಯಿ ಎಲ್ಲವನ್ನೂ ಬಿಡಿಸಿದವಳು ತನ್ನ ಮನೆಯಲ್ಲೇ ಇದ್ದಳು. ಅವಳು ಕಲೆ ತೆಗೆಯುವುದನ್ನು ನೋಡಲು ಯಾರೂ ಸುತ್ತ ನಿಂತದ್ದಿಲ್ಲ. ಅವನಂತೂ ಒಂದು ದಿನ ಕೇಳಿದವನೂ ಅಲ್ಲ. ತನ್ನದನ್ನು ಹೇಳುವುದರಲ್ಲೇ ಅವನಿಗೆ ಹೊತ್ತು ಸಾಲುತ್ತಿರಲಿಲ್ಲ. ಅವತ್ತು ಮೊದಲ ಸಲ ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ರಕ್ತಕ್ಕೆ ತಣ್ಣೀರು ಯಾಕೆ, ಬಿಸಿನೀರು ಯಾಕಲ್ಲ ಎಂದು ಕೇಳಿದ. ಅವಳು ಹೇಳಿದಳು. ಶಾಯಿಗೆ ಏನು ಎಂದು ಕೇಳಿದ. ಅದನ್ನೂ ಹೇಳಿದಳು. ಮಧ್ಯಾಹ್ನದ ತನಕ ಕೂತಿದ್ದರು.

ಸೋಮವಾರ ಡಿಕ್ಕಿಗೆ ಎರಡು ಕೆಟಲ್ ಬಿಸಿನೀರು ಸುರಿದು, ಹಳೆ ಟವೆಲ್ ಮುಚ್ಚಿ ಬಿಟ್ಟ. ಅರ್ಧ ಗಂಟೆಯಲ್ಲಿ ಮ್ಯಾಟು ತಾನಾಗಿ ಎದ್ದು ಬಂತು. ಕೆಳಗೆ ತಗಡು ಹೊಸದರಂತಿತ್ತು. ಗೋಂದೇ ಎಂದು ಹಟ ಹಿಡಿದಿದ್ದರೆ ಉಳಿಯಿಂದ ಕೆತ್ತಿ ತೂತು ಮಾಡುತ್ತಿದ್ದೆ ಎಂದು ಅವನು ಯಜಮಾನಿಗೆ ಹೇಳಿದ. ಪೇಂಟರ್ ಆಚೆ ತಿರುಗಿ ನಿಂತಿದ್ದ. ಆದರೆ ಅವನ ಭುಜ ಅಲ್ಲಾಡುತ್ತಿತ್ತು.

ಕಾರು ಒಯ್ಯಲು ಮೇಡಮ್ ಅಕ್ಕನ ಜೊತೆ ಬಂದರು. ಕೆಮ್ಮಿನ ಔಷಧಿಯೆಂದು ಕೇಳಿದ ಕೂಡಲೇ ಹಣೆ ಚಚ್ಚಿಕೊಂಡರು. ಶಿಷ್ಯರ ಮೇಲೆ ಕೂಗಿ ಕೂಗಿ ಗಂಟಲು ಕೆಟ್ಟು, ಒಂದು ಚಳಿಗಾಲ ಔಷಧಿಯನ್ನು ದೊಡ್ಡ ಬಾಟಲಿಯಲ್ಲೇ ಕೊಂಡು ಡಿಕ್ಕಿಯಲ್ಲಿಟ್ಟುಕೊಳ್ಳುತ್ತಿದ್ದರಂತೆ; ಯಾರೋ ಬ್ರೇಕ್ ಹಾಕಿದ ರಭಸಕ್ಕೆ ಒಡೆದಿತ್ತಂತೆ. "ಅದು ನೀನೇ ಇರಬಹುದು" ಎಂದು ಮೂಸಣ್ಣನ ಕಡೆ ನೋಡಿದರು. ಹೌದೇನೋ ಎಂದು ಅವನಿಗೂ ಅನ್ನಿಸಿತು.

ಪಕ್ಕದ ಸೀಟಿನ ಮುಂದೆ ಕಲಿಸುವವರಿಗೆಂದು ಇದ್ದ ಎರಡನೆಯ ಬ್ರೇಕನ್ನು ತೆಗೆಸಿಹಾಕಿದ್ದರು. ಅಕ್ಕ ಅಲ್ಲಿ ಕೂತರು, ಮೇಡಮ್ ಸ್ಟಿಯರಿಂಗ್ ಹಿಡಿದರು. ಕಾರು ಗೇಟು ದಾಟುವ ಮೊದಲೇ ಅಕ್ಕ ಎರಡು ಸಲ ಬರಿ ನೆಲವನ್ನು ಕಾಲಿನಿಂದ ಒತ್ತಿ, "ನಿಧಾನ ಕಣೇ! ನಿಧಾನ!" ಎಂದು ಕೂಗಿದ್ದು ಶೆಡ್ಡಿನವರೆಗೂ ಕೇಳಿಸಿತು. ಬಾನೆಟ್ ಬಿಸಿಲಲ್ಲಿ ಹೊಳೆಯಿತು. ಪೇಂಟರ್ ಕನ್ನಡಕದ ಮೇಲಿಂದ ಅದನ್ನು ಕಣ್ಮರೆಯಾಗುವ ತನಕ ನೋಡಿದ.

ಪೇಂಟರಿನ ಮೌನ ಹನ್ನೊಂದು ದಿನ ನಡೆಯಿತು. ಮೂಸಣ್ಣ ದಿನಾ ಅವನ ಬೆಂಚಿನ ಮೇಲೆ ಟೀ ತಂದಿಡುತ್ತಿದ್ದ. ಅವನು ಟೀ ಕುಡಿಯುತ್ತಿದ್ದ, ಮಾತಾಡುತ್ತಿರಲಿಲ್ಲ. ವಾಸನೆ ಇವತ್ತಿಗೂ ಪೂರ್ತಿ ಬಂದಿಲ್ಲ. ಒಮ್ಮೊಮ್ಮೆ ಒಂದು ಎಳೆ ಬರುತ್ತದೆ, ಅದೂ ತಪ್ಪುತಪ್ಪಾಗಿ. ಪೆಟ್ರೋಲು ಸುಟ್ಟ ರಬ್ಬರಿನ ಹಾಗೆ, ಸೋಪು ಒದ್ದೆ ಕಾಗದದ ಹಾಗೆ. ಡಾಕ್ಟರು ಅದು ಒಳ್ಳೆಯ ಲಕ್ಷಣ ಎನ್ನುತ್ತಾರೆ. ಮೂಸಣ್ಣ ಅದನ್ನು ನಂಬಿ ಯಾವ ಡಬ್ಬಿಯನ್ನೂ ಎತ್ತುವುದಿಲ್ಲ.

ಹನ್ನೆರಡನೆಯ ದಿನ ಒಂದು ಹಳೆಯ ವ್ಯಾನು ಬಂತು. ಅದರ ನೆಲದ ಮೇಲೆ ಹಸಿರು ಬಣ್ಣದ, ಗುಳ್ಳೆ ಗುಳ್ಳೆಯಾದ ಏನೋ ಹರಡಿತ್ತು. ಪೇಂಟರ್ ಸ್ವಲ್ಪ ಹೊತ್ತು ಅದರ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಯಾರ ಕಡೆಯೂ ನೋಡದೆ ಕೇಳಿದ: "ಏನದು?"

"ಗೊತ್ತಿಲ್ಲ" ಎಂದ ಮೂಸಣ್ಣ. "ವ್ಯಾನಿನವರನ್ನ ಕೇಳಿ ಬರ್ತೀನಿ. ನೀನು ಅಷ್ಟರಲ್ಲಿ ಒಂದು ಚೊಂಬು ನೀರು ತಗೊಂಡು ಬಾ."